ನಾಲ್ಕು ತಂತಿ, ಒಂದು ತಗಡು

ಮಗಳ ಬೇಸ್ ಗಿಟಾರಿಗೆ ಹೊಸ ಬ್ರಿಡ್ಜು ಕೊಡಿಸಿ ಮೇಷ್ಟ್ರೇ, ನಾನು ಬೇಡ ಅನ್ನಲ್ಲ. ಆದ್ರೆ ದುಡ್ಡು ತೆಗೆಯೋಕೆ ಮುಂಚೆ ಅವಳನ್ನ ಒಂದು ಮಾತು ಕೇಳಿ, ಈಗಿರೋ ಬ್ರಿಡ್ಜು ಏನು ತೊಂದರೆ ಕೊಡ್ತಿದೆ ಅಂತ. ‘ಸ್ಕ್ರೂ ನಿಲ್ತಾ ಇಲ್ಲ, ಜೋರಾಗಿ ಮೀಟಿದ್ರೆ ತಂತಿ ಪಕ್ಕಕ್ಕೆ ಜಾರುತ್ತೆ, ಹನ್ನೆರಡನೇ ಫ್ರೆಟ್ ದಾಟಿದ್ರೆ ಶ್ರುತಿ ಸೇರಲ್ಲ’ ಅಂದ್ರೆ ಇವತ್ತೇ ಆರ್ಡರ್ ಹಾಕಿ. ‘ಇದು ಬರೀ ಬಗ್ಗಿಸಿದ ತಗಡು, ದಪ್ಪ ಹಿತ್ತಾಳೇದು ಹಾಕಿದ್ರೆ ನಾದವೇ ಬೇರೆ ಆಗುತ್ತಂತೆ’ ಅಂದ್ರೆ ಸ್ವಲ್ಪ ತಡೀರಿ. ಅಲ್ಯಾಕೆ ಬಿಸಿಲಲ್ಲಿ ನಿಂತಿದೀರಿ, ಈ ಕಡೆ ನೆರಳಿಗೆ ಬನ್ನಿ. ನನಗೆ ಬಹಳ ಪ್ರೀತಿಯ ವಿಷಯ ಇದು, ಎರಡು ಮಾತಲ್ಲಿ ಮುಗಿಯೋದಲ್ಲ.

ಗಿಡಕ್ಕೆ ನೀರು ಹಾಕ್ತಾ ನೀವು ‘ಗೀತಾ’ ಚಿತ್ರದ ಹಾಡು ಗುನುಗ್ತೀರಲ್ಲ, 1981ರದ್ದು, ಶಂಕರ್‌ನಾಗ್ ಅವರದು. ಮುಂದಿನ ಸಲ ಆ ಹಾಡುಗಳನ್ನ ಹಾಕಿದಾಗ ಹಾಡೋರ ಧ್ವನಿ ಬಿಟ್ಟು ಅದರ ಕೆಳಗೆ ಕಿವಿ ಕೊಡಿ. ಇಳಯರಾಜ ಅಲ್ಲಿ ಬೇಸ್ ಗಿಟಾರಿಗೆ ಬರೀ ತಾಳದ ಜೊತೆ ಹೆಜ್ಜೆ ಹಾಕೋ ಕೆಲಸ ಕೊಟ್ಟಿಲ್ಲ. ಹಾಡಿನ ಪಕ್ಕದಲ್ಲೇ ನಡೆಯೋ ಇನ್ನೊಂದು ಹಾಡು ಕೊಟ್ಟಿದಾರೆ. ನಿಮ್ಮ ಮಗಳ ಕೈಯಲ್ಲಿರೋದು ಅದೇ ವಾದ್ಯ. ನಾಲ್ಕೇ ತಂತಿ. ತೀರ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತೆ, ತೆಳ್ಳಗಿನದು 98 ಸಲ. ಇಂಥ ದಪ್ಪ ತಂತಿಗಳು ಶ್ರುತಿಗೆ ಬರಬೇಕಾದ್ರೆ ನಾಲ್ಕೂ ಸೇರಿ 70–80 ಕಿಲೋ ಭಾರದಷ್ಟು ಎಳೀತಿರುತ್ತವೆ. ಒಂದು ತುದಿ ಬಿರಡೆಗೆ ಸುತ್ತಿರುತ್ತೆ, ಇನ್ನೊಂದು ತುದಿ ಬ್ರಿಡ್ಜಿಗೆ ಸಿಕ್ಕಿಕೊಂಡಿರುತ್ತೆ. ಹಗಲೂ ರಾತ್ರಿ ಆ ಎಳೆತ ತಡ್ಕೊಂಡು ಕೂತಿರೋದು ಅಲ್ಲಿರೋ ನಾಲ್ಕೈದು ಸ್ಕ್ರೂಗಳು.

ನಿಮ್ಮ ಮನೆಯವರ ವೀಣೆಯಲ್ಲಿ ಕುದುರೆ ಇದೆಯಲ್ಲ, ಇದರದ್ದೂ ಅದೇ ಕೆಲಸ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ವೀಣೆಯಲ್ಲಿ ಸ್ವರಸ್ಥಾನ ತಪ್ಪಿದ್ರೆ ಮೇಣ ಕಾಯಿಸಿ 24 ಮೆಟ್ಟಿಲುಗಳನ್ನೂ ಮತ್ತೆ ಕೂರಿಸ್ತಾರೆ, ಕುದುರೆ ಇದ್ದಲ್ಲೇ ಇರುತ್ತೆ. ಬೇಸಿನ ಫ್ರೆಟ್ಟುಗಳನ್ನ ಮರದೊಳಕ್ಕೆ ಬಡಿದು ಕೂರಿಸಿರ್ತಾರೆ, ಅವು ಕದಲಲ್ಲ. ಹಾಗಾಗಿ ಇಲ್ಲಿ ಕದಲಬೇಕಾದ್ದು ತಂತಿಯ ಕೊನೆ. ಒಂದೊಂದು ತಂತಿಗೂ ಒಂದೊಂದು ಪುಟ್ಟ ಲೋಹದ ತುಂಡು, ಸ್ಯಾಡಲ್ ಅಂತಾರೆ. ಹಿಂದಿನಿಂದ ಬರೋ ಉದ್ದ ಸ್ಕ್ರೂ ಅದನ್ನ ಹಿಂದಕ್ಕೆ ಮುಂದಕ್ಕೆ ಸರಿಸುತ್ತೆ. ಎರಡು ಪಕ್ಕದಲ್ಲಿರೋ ತಲೆಯಿಲ್ಲದ ಪುಟ್ಟ ಸ್ಕ್ರೂಗಳು ಅದನ್ನ ಎತ್ತುತ್ತವೆ, ಇಳಿಸುತ್ತವೆ. ಇಷ್ಟನ್ನೂ ಹೊತ್ತುಕೊಂಡಿರೋ ತಗಡೇ ಬ್ರಿಡ್ಜಿನ ಬುಡ. ಕೆಲಸ ಇಷ್ಟೇ, ಆದ್ರೆ ಇದು ಸರಿಯಿಲ್ಲದಿದ್ರೆ ಎಂಥ ದುಬಾರಿ ವಾದ್ಯವೂ ಬೇಸುರು.

ಸರಿಸೋದು ಯಾಕೆ ಅಂತ ನೀವು ಕೇಳಿದ್ದು ನ್ಯಾಯ. ಈ ಬೇಸಿನ ಲೆಕ್ಕದ ಉದ್ದ 34 ಇಂಚು, ಅಂದ್ರೆ 864 ಮಿಲಿಮೀಟರ್. ಅದರ ನಟ್ಟನಡುವೆ ಹನ್ನೆರಡನೇ ಫ್ರೆಟ್. ಅಲ್ಲಿ ಒತ್ತಿದ್ರೆ ಸರಿಯಾಗಿ ಒಂದು ಸ್ಥಾಯಿ ಮೇಲೆ ಕೇಳಬೇಕು. ಆದ್ರೆ ಒತ್ತಿದಾಗ ತಂತಿ ಕೊಂಚ ಹಿಗ್ಗುತ್ತೆ, ಬಿಗಿ ಜಾಸ್ತಿಯಾಗುತ್ತೆ, ಸ್ವರ ಏರುತ್ತೆ. ಜೊತೆಗೆ ದಪ್ಪ ತಂತಿಗೆ ತನ್ನದೇ ಒಂದು ಪೆಡಸುತನ ಇರುತ್ತೆ, ಅದೂ ಸ್ವರವನ್ನ ಮೇಲಕ್ಕೇ ತಳ್ಳುತ್ತೆ. ಇದನ್ನ ಸರಿದೂಗಿಸೋಕೆ ತಂತಿಯನ್ನ ಲೆಕ್ಕಕ್ಕಿಂತ ಚೂರು ಉದ್ದ ಬಿಡಬೇಕು, ದಪ್ಪ ತಂತಿಗೆ ಇನ್ನಷ್ಟು ಉದ್ದ. ಸರಿಯಾಗಿ ಹೊಂದಿಸಿದ ಯಾವ ಬೇಸನ್ನಾದ್ರೂ ನೋಡಿ, ಸ್ಯಾಡಲ್‌ಗಳು ಒಂದೇ ಸಾಲಲ್ಲಿ ಇರಲ್ಲ. ತೆಳು ತಂತಿಯದು ಮುಂದೆ, ದಪ್ಪ ತಂತಿಯದು ಎಲ್ಲಕ್ಕಿಂತ ಹಿಂದೆ, ಓರೆಯಾಗಿ ನಿಂತಿರುತ್ತವೆ.

ಇದನ್ನೆಲ್ಲ ಮೊದಲು ಕೂಡಿಸಿದ ಲಿಯೊ ಫೆಂಡರ್‌ಗೆ ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ ಅಂದ್ರೆ ನಂಬ್ತೀರಾ? ಮೊದಲು ಲೆಕ್ಕಪತ್ರದ ಕೆಲಸದಲ್ಲಿದ್ದ ಮನುಷ್ಯ, 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟ. 1951ರಲ್ಲಿ ಪ್ರಿಸಿಶನ್ ಬೇಸ್ ತಂದ. ಅದರ ಬ್ರಿಡ್ಜಿನಲ್ಲಿ ಇದ್ದದ್ದು ಎರಡೇ ಸ್ಯಾಡಲ್, ಒತ್ತಿ ಮಾಡಿದ ಫೈಬರಿನವು. ಎರಡೆರಡು ತಂತಿಗೆ ಒಂದೊಂದು. ಒಂದು ತಂತಿಯ ಶ್ರುತಿ ಸರಿಮಾಡೋಕೆ ಹೋದ್ರೆ ಪಕ್ಕದ್ದು ಕೆಡುತ್ತೆ. ನುಡಿಸೋರು ಹೇಳಿದ್ದನ್ನ ಲಿಯೊ ಕೇಳಿಸ್ಕೊಂಡ. ಆತನ ದೊಡ್ಡ ಗುಣವೇ ಅದು. ತಾನು ನುಡಿಸಲ್ಲ ಅಂತ ಗೊತ್ತಿದ್ದದ್ದಕ್ಕೇ ನುಡಿಸೋರ ಮಾತಿಗೆ ಬೆಲೆ ಕೊಡ್ತಿದ್ದ. 1957ರಲ್ಲಿ ನಾಲ್ಕು ತಂತಿಗೆ ನಾಲ್ಕು ಸ್ಯಾಡಲ್ ಬಂತು. ನಿಮ್ಮ ಮಗಳು ‘ಬರೀ ತಗಡು’ ಅಂತಿರೋದು ಆ 1957ರ ಬ್ರಿಡ್ಜಿನ ವಂಶದ್ದೇ. ಇವತ್ತೂ ಲೋಕದಲ್ಲಿ ಬಹಳಷ್ಟು ಬೇಸುಗಳ ಮೇಲೆ ಅದೇ ಇದೆ.

ಆತ ಅಲ್ಲಿಗೇ ನಿಲ್ಲಿಸಲಿಲ್ಲ. 1965ರಲ್ಲಿ ತನ್ನ ಫೆಂಡರ್ ಕಂಪನಿಯನ್ನ ಸಿಬಿಎಸ್‌ಗೆ ಮಾರಿದ್ಮೇಲೆ, 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸಿಗೆ ಬ್ರಿಡ್ಜನ್ನ ಮತ್ತೆ ಹೊಸದಾಗಿ ಯೋಚಿಸಿದ. ಅಗಲವಾದ ಗಟ್ಟಿ ಬುಡ, ಪ್ರತಿ ತಂತಿಯ ಕೆಳಗೂ ಏರಿಸಿ ಇಳಿಸಬಹುದಾದ ಒಂದೊಂದು ಮೆತ್ತೆ. ಆಮೇಲೆ ಜಿ ಅಂಡ್ ಎಲ್ ಅಂತ ಇನ್ನೊಂದು ಕಂಪನಿ ಕಟ್ಟಿದಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬ್ರಿಡ್ಜಿನ ಕೆಳಗೊಂದು ದಿಂಡು ಬಿಟ್ಟು ಅದು ಮರದೊಳಕ್ಕೆ ಇಳಿಯೋ ಹಾಗೆ ಮಾಡಿದ, ಪಕ್ಕದಲ್ಲೊಂದು ಸ್ಕ್ರೂ ಕೊಟ್ಟು ನಾಲ್ಕೂ ಸ್ಯಾಡಲ್‌ಗಳನ್ನ ಒಂದಕ್ಕೊಂದು ಒತ್ತಿ ಬಿಗಿದ. 1991ರಲ್ಲಿ ತೀರಿಹೋಗೋ ತನಕ ಕೆಲಸದ ಮೇಜು ಬಿಡಲಿಲ್ಲ ಆ ಮನುಷ್ಯ. ಬ್ರಿಡ್ಜ್ ಬದಲಿಸೋದು ವಾದ್ಯಕ್ಕೆ ಮಾಡೋ ಅಪಚಾರ ಅನ್ನೋರು ಇದಾರೆ. ಅದನ್ನ ಮಾಡಿದವನೇ ನಲವತ್ತು ವರ್ಷ ತಿದ್ದುತ್ತಾ ಇದ್ದ ಅನ್ನೋದನ್ನ ನಾನು ಅವರಿಗೆ ನೆನಪು ಮಾಡ್ತೀನಿ.

ದಪ್ಪ ಬ್ರಿಡ್ಜಿನ ಮಾತು ಜೋರಾಗಿದ್ದು 1970ರ ದಶಕದಲ್ಲಿ. ಆಗ ಹೆಬ್ಬೆರಳಲ್ಲಿ ತಂತಿಗೆ ಬಡಿಯೋದು, ಬೆರಳಲ್ಲಿ ಕೊಕ್ಕೆ ಹಾಕಿ ಎಳೆದು ಬಿಡೋದು, ಈ ಥರದ ನುಡಿಸಾಣಿಕೆ ಬಂತು. ಅಷ್ಟು ಹೊಡೆತಕ್ಕೆ ತಗಡಿನ ಮೇಲೆ ಸುಮ್ಮನೆ ಕೂತಿರೋ ಸ್ಯಾಡಲ್ ಪಕ್ಕಕ್ಕೆ ಜಾರುತ್ತೆ, ಪುಟ್ಟ ಸ್ಕ್ರೂಗಳು ಅದುರಿ ಅದುರಿ ಸಡಿಲ ಆಗುತ್ತವೆ. ಲಿಯೊ ಕ್ವಾನ್ ಅನ್ನೋ ಹೆಸರಲ್ಲಿ ಬ್ಯಾಡ್ಯಾಸ್ ಅಂತ ಒಂದು ಬ್ರಿಡ್ಜ್ ಬಂತು. ಎರಕದ್ದು, ದಪ್ಪ, ಸ್ಯಾಡಲ್‌ಗಳು ಗೂಡಲ್ಲಿ ಕೂತ ಹಾಗೆ ಭದ್ರ. ರಷ್ ತಂಡದ ಗೆಡ್ಡಿ ಲೀ ತಮ್ಮ 1972ರ ಫೆಂಡರ್ ಜ್ಯಾಝ್ ಬೇಸಿಗೆ ಅದನ್ನ ಹಾಕಿಸಿದ್ರು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಬೇಸಿನ ಮೇಲೂ ಅದೇ. ನಮ್ಮ ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರ ಮಾರ್ಚಲ್ಲಿ ಐರನ್ ಮೇಡನ್ ತಂಡ ಬಂದಿತ್ತಲ್ಲ, ಅದರ ಸ್ಟೀವ್ ಹ್ಯಾರಿಸ್ ಹೆಸರಲ್ಲಿ ಫೆಂಡರ್ ಕಂಪನಿ ಹೊರಡಿಸಿದ ಬೇಸಿಗೂ ದಪ್ಪ ಬ್ರಿಡ್ಜೇ. ಇಂಥ ದೊಡ್ಡವರ ಕೈಯಲ್ಲಿ ನೋಡಿದ ಮೇಲೆ ಕಾಲೇಜು ಹುಡುಗಿಗೆ ಆಸೆಯಾಗೋದು ಸಹಜ.

ಆದ್ರೆ ಇನ್ನೊಂದು ಕಡೆಯೂ ನೋಡಿ. ಜಾಕೊ ಪಾಸ್ಟೋರಿಯಸ್ ಅಂತ ಒಬ್ಬರಿದ್ರು. ಫ್ರೆಟ್ ಕಿತ್ತ 1962ರ ಜ್ಯಾಝ್ ಬೇಸಲ್ಲಿ ಮನುಷ್ಯನ ಕಂಠದ ಹಾಗೆ ಹಾಡಿಸ್ತಿದ್ರು. ಬೆರಳಹಲಗೆಗೆ ದೋಣಿಗೆ ಬಳಿಯೋ ಎಪಾಕ್ಸಿ ಬಳಿದು ಕನ್ನಡಿ ಮಾಡಿದ್ರು, ಆದ್ರೆ ಬ್ರಿಡ್ಜು ಮಾತ್ರ ಮೊದಲಿಂದ ಇದ್ದ ಅದೇ ತಗಡು. 1976ರ ಅವರ ಮೊದಲ ಆಲ್ಬಮ್ ಕೇಳಿದ ಯಾರೂ ಸ್ವರ ನಿಲ್ಲಲಿಲ್ಲ ಅಂತ ದೂರಲ್ಲ. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಜೇಮ್ಸ್ ಜೇಮರ್‌ಸನ್ ನುಡಿಸಿದ್ದೂ 1962ರ ಪ್ರಿಸಿಶನ್, ತಗಡಿನ ಬ್ರಿಡ್ಜಿನದೇ. ಒಂದೇ ತೋರುಬೆರಳಲ್ಲಿ ಅಷ್ಟೆಲ್ಲ ನುಡಿಸಿದ ಮಹಾನುಭಾವ.

ಹಾಗಾದ್ರೆ ತೂಕದಿಂದ ಏನೂ ಆಗಲ್ವಾ ಅಂದ್ರೆ, ಆಗುತ್ತೆ. ಭಾರದ ಬ್ರಿಡ್ಜು ತಂತಿಯ ಶಕ್ತಿಯನ್ನ ಮರಕ್ಕೆ ಬೇಗ ಬಿಟ್ಟುಕೊಡಲ್ಲ, ಹಾಗಾಗಿ ಸ್ವರ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತೆ ಅನ್ನೋ ವಾದದಲ್ಲಿ ತಪ್ಪಿಲ್ಲ. ನೀವು ಭೌತಶಾಸ್ತ್ರ ಪಾಠ ಮಾಡಿದವರು, ನಿಮಗೇ ಗೊತ್ತು. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ. ಗಟ್ಟಿ ಮರದ ಒಡಲಿನ ಬೇಸಲ್ಲಿ ಬ್ರಿಡ್ಜಿನ ಕಡೆಯಿಂದ ಸೋರೋ ಶಕ್ತಿ ಮೊದಲೇ ಕಮ್ಮಿ. ಜಾಸ್ತಿ ಸೋರೋದು ನೆಕ್ಕಿನ ಕಡೆಯಿಂದ. ಅದು ಉದ್ದ, ತೆಳ್ಳಗೆ, ತಾನೂ ಅದುರುತ್ತೆ. ಫೆಂಡರ್ ಮಾದರಿಯ ಬೇಸುಗಳಲ್ಲಿ ತೆಳು ತಂತಿಯ ಐದರಿಂದ ಏಳನೇ ಫ್ರೆಟ್ಟಿನ ಆಸುಪಾಸು ಒಂದು ಸತ್ತ ಜಾಗ ಇರುತ್ತೆ, ಅಲ್ಲಿ ಮೀಟಿದ ಸ್ವರ ಬೇಗ ಅಡಗಿಹೋಗುತ್ತೆ. ಜರ್ಮನಿಯ ಹೆಲ್ಮುಟ್ ಫ್ಲೈಶರ್ ಅನ್ನೋ ಸಂಶೋಧಕರು ನೆಕ್ಕಿನ ಅದುರಾಟ ಅಳೆದು ಇದರ ಕಾರಣ ತೋರಿಸಿದಾರೆ. ನೆಕ್ಕಿನ ಸಹಜ ಕಂಪನವೂ ತಂತಿಯ ಕಂಪನವೂ ಒಂದೇ ಕಡೆ ಕೂಡಿದ್ರೆ ನೆಕ್ಕು ತಂತಿಯ ಶಕ್ತಿ ಕುಡಿದುಬಿಡುತ್ತೆ. ಆ ಸತ್ತ ಜಾಗಕ್ಕೆ ಜೀವ ಬರಲಿ ಅಂತ ಬ್ರಿಡ್ಜ್ ತರಿಸೋದಾದ್ರೆ ದುಡ್ಡು ಹೋಗೋದು ತಪ್ಪು ಜಾಗಕ್ಕೆ.

ಇನ್ನೊಂದು ವಿಷಯ ಜನ ಗಮನಿಸಲ್ಲ. ಬ್ರಿಡ್ಜ್ ಬದಲಿಸೋ ದಿನವೇ ಎಲ್ಲರೂ ಹೊಸ ತಂತಿ ಹಾಕ್ತಾರೆ. ಹೊಸ ತಂತಿ ಗಂಟೆಯ ಹಾಗೆ ಮೊಳಗುತ್ತೆ, ಹಳೇದು ಮಂಕಾಗಿರುತ್ತೆ, ಇವೆರಡರ ನಡುವಿನ ಅಂತರ ಯಾವ ಎರಡು ಬ್ರಿಡ್ಜುಗಳ ನಡುವೆಯೂ ಇಲ್ಲ. ಜೊತೆಗೆ ಎತ್ತರ ಹೊಸದಾಗಿ ಹೊಂದಿಸಿರ್ತಾರೆ, ಶ್ರುತಿ ಸರಿಮಾಡಿರ್ತಾರೆ. ಇಷ್ಟೂ ಪುಣ್ಯ ಹಿತ್ತಾಳೆಯ ಖಾತೆಗೆ ಹೋಗುತ್ತೆ! ಮಗಳಿಗೆ ನಿಜ ತಿಳೀಬೇಕು ಅಂದ್ರೆ ಈಗಿನ ತಂತಿ ಇಟ್ಕೊಂಡೇ ಒಂದಿಷ್ಟು ನುಡಿಸಿ ಫೋನಲ್ಲಿ ರೆಕಾರ್ಡ್ ಮಾಡ್ಲಿ, ಬ್ರಿಡ್ಜ್ ಹಾಕಿದ ಮೇಲೆ ಅದೇ ತಂತಿಯಲ್ಲಿ, ಅದೇ ಎತ್ತರದಲ್ಲಿ ಮತ್ತೆ ಮಾಡ್ಲಿ. ಅವಳ ಅಣ್ಣನ ಕೈಲಿ ಯಾವುದು ಯಾವುದು ಅಂತ ಹೇಳದೆ ಹಾಕಿಸಿ ಕೇಳ್ಲಿ. ವ್ಯತ್ಯಾಸ ಇದ್ರೆ ಮೀಟಿದ ಮೊದಲ ಕ್ಷಣದ ಏಟಿನಲ್ಲಿ ಚೂರು ಕಾಣಬಹುದು. ಡ್ರಮ್ಮು, ಗಿಟಾರು ಸೇರಿದ ಮೇಲೆ ಅದೂ ಕಾಣಲ್ಲ. ಭಾರದ್ದರಿಂದ ಒಂದು ಉಪಕಾರ ಖಂಡಿತ ಇದೆ. ಹೆಗಲಿಗೆ ನೇತು ಹಾಕಿದಾಗ ತಲೆ ಕಡೆ ವಾಲೋ ಬೇಸಿಗೆ ಬಾಲದ ಕಡೆ ತೂಕ ಸಿಕ್ಕಿದ್ರೆ ತೂಗು ಸ್ವಲ್ಪ ಸರಿಹೋಗುತ್ತೆ. ಹಾಗೇ ಹೆಗಲ ಮೇಲಿನ ಭಾರವೂ ಹೆಚ್ಚುತ್ತೆ ಅನ್ನಿ.

ನನ್ನ ಮಾತು ಇಷ್ಟು ಮೇಷ್ಟ್ರೇ. ಹೊಸ ಬ್ರಿಡ್ಜಿಗೆ ಕೊಡೋ ದುಡ್ಡು ಹೊಂದಾಣಿಕೆಗೆ ಕೊಟ್ಟದ್ದಾಗಿರಲಿ, ಲೋಹದ ತೂಕಕ್ಕೆ ಬೇಡ. ಸ್ಯಾಡಲ್ ಪಕ್ಕಕ್ಕೆ ಅಲುಗಬಾರದು, ಸ್ಕ್ರೂ ನಯವಾಗಿ ತಿರುಗಬೇಕು, ಒಮ್ಮೆ ಇಟ್ಟ ಎತ್ತರ ತಿಂಗಳಾನುಗಟ್ಟಲೆ ನಿಲ್ಲಬೇಕು, ಅಂಗೈ ಬದಿ ಊರಿದ್ರೆ ಚುಚ್ಚಬಾರದು. ಇದಕ್ಕೆ ದುಡ್ಡು ಕೊಟ್ರೆ ನಷ್ಟವಿಲ್ಲ, ದಿನಾ ನುಡಿಸುವಾಗ ಕೈಗೆ ಗೊತ್ತಾಗುತ್ತೆ.

ನಾದವೇ ಬದಲಾಗಬೇಕು ಅಂತ ಅವಳ ಆಸೆಯಾಗಿದ್ರೆ ಅದಕ್ಕೆ ಖರ್ಚೇ ಇಲ್ಲದ ದಾರಿ ಇದೆ. ಸ್ಪಂಜು. ಹೌದು, ಪಾತ್ರೆ ತೊಳೆಯೋ ಸ್ಪಂಜೇ, ಹೊಸದೊಂದು. ಹಳೇ ಫೆಂಡರ್ ಬೇಸುಗಳ ಬ್ರಿಡ್ಜಿನ ಮೇಲೆ ಮಿರಿಮಿರಿ ಹೊಳೆಯೋ ಒಂದು ಮುಚ್ಚಳ ಬರ್ತಿತ್ತು, ಅದರೊಳಗೆ ತಂತಿಗೆ ತಾಗೋ ಹಾಗೆ ಸ್ಪಂಜಿನ ಪಟ್ಟಿ ಇರ್ತಿತ್ತು. ಲಿಯೊ ಅದನ್ನ ಇಟ್ಟದ್ದು ಬೇಸು ಉದ್ದ ಮೊಳಗದೆ ದೊಡ್ಡ ಮರದ ಡಬಲ್ ಬೇಸಿನ ಹಾಗೆ ದುಂಡಗೆ ‘ಧುಮ್’ ಅನ್ನಲಿ ಅಂತ. ಬಹಳ ಜನ ಮುಚ್ಚಳ ಅಡ್ಡ ಅಂತ ಕಿತ್ತು ಆ್ಯಶ್‌ಟ್ರೇ ಮಾಡಿಕೊಂಡ್ರು, ಸ್ಪಂಜೂ ಅದರ ಜೊತೆಗೇ ಹೋಯ್ತು. ಜೇಮರ್‌ಸನ್ ಮುಚ್ಚಳವನ್ನೂ ಬಿಡಲಿಲ್ಲ, ಸ್ಪಂಜನ್ನೂ ಬಿಡಲಿಲ್ಲ, ನಯವಾದ ಚಪ್ಪಟೆ ಸುತ್ತಿನ ದಪ್ಪ ತಂತಿಗಳನ್ನ ಬದಲಿಸುವ ಗೋಜಿಗೂ ಹೋಗ್ತಿರಲಿಲ್ಲ. ಮೋಟೌನ್ ಹಾಡುಗಳ ಕೆಳಗೆ ಕೇಳೋ ಆ ಬೆಚ್ಚಗಿನ ಸ್ವರದ ಗುಟ್ಟಿನಲ್ಲಿ ಅವರ ಬೆರಳಿನ ಪಾಲು ದೊಡ್ಡದು, ಸ್ಪಂಜಿನ ಪಾಲೂ ಇದೆ. ಕ್ಯಾರಲ್ ಕೇ ಅಂತ ಒಬ್ಬ ಮಹಾತಾಯಿ ಇದಾರೆ, 1960ರ ದಶಕದಲ್ಲಿ ಲಾಸ್ ಏಂಜಲೀಸ್ ಸ್ಟುಡಿಯೊಗಳಲ್ಲಿ ಲೆಕ್ಕವಿಲ್ಲದಷ್ಟು ಹಾಡಿಗೆ ಬೇಸ್ ನುಡಿಸಿದವರು. ಅವರು ಫೆಲ್ಟ್ ಬಟ್ಟೆಯ ತುಂಡು ಮಡಿಸಿ ಬ್ರಿಡ್ಜಿನ ಹತ್ತಿರ ತಂತಿಗಳ ಮೇಲೇ ಇಟ್ಟು ಅಂಟಿಸ್ತಿದ್ರು. ಕ್ಯಾರಲ್ ಕೇ ನುಡಿಸೋದನ್ನ ಮಗಳಿಗೆ ಕೇಳಿಸಿ. ಹುಡುಗಿಯರಿಗೆ ಬೇಸ್ ಯಾಕೆ ಅನ್ನೋ ಮಾತು ಎಲ್ಲಾದ್ರೂ ಕಿವಿಗೆ ಬಿದ್ದಿದ್ರೆ ಅದೂ ತೊಳೆದುಹೋಗುತ್ತೆ.

ಮಾಡೋದು ಹೇಗೆ ಅಂದ್ರೆ, ನಾಲ್ಕೂ ತಂತಿಗೆ ಅಡ್ಡಲಾಗುವಷ್ಟು ಅಗಲ, ಅಂದಾಜು ಏಳೆಂಟು ಸೆಂಟಿಮೀಟರ್ ಪಟ್ಟಿ ಕತ್ತರಿಸಿ. ಎತ್ತರ ಮರದಿಂದ ತಂತಿಯ ತನಕದ ಅಂತರಕ್ಕಿಂತ ಚೂರೇ ಹೆಚ್ಚು. ತಂತಿಯ ಕೆಳಗೆ ತೂರಿಸಿ ಸ್ಯಾಡಲ್‌ಗೆ ಒತ್ತಿ ನಿಲ್ಲಿಸಿ. ಸ್ಯಾಡಲ್‌ನಿಂದ ದೂರ ಹೋದಷ್ಟೂ ಸ್ವರ ಸಾಯುತ್ತೆ, ಶ್ರುತಿಯೂ ಹೊಯ್ದಾಡುತ್ತೆ. ತಂತಿಯನ್ನ ಮೇಲಕ್ಕೆ ತಳ್ಳಬಾರದು, ಸವರಿದ ಹಾಗಿರಬೇಕು. ದಪ್ಪ ತಂತಿ ಮಾತ್ರ ಅಡಗಲಿ, ತೆಳುವಿನದು ಮೊಳಗಲಿ ಅನ್ನಿಸಿದ್ರೆ ತೆಳು ತಂತಿಯ ತುದಿಯಲ್ಲಿ ಸ್ಪಂಜನ್ನ ಇಳಿಜಾರಾಗಿ ಕತ್ತರಿಸಿದ್ರೆ ಆಯ್ತು. ವರ್ಷಗಟ್ಟಲೆ ಅಲ್ಲೇ ಬಿಟ್ರೆ ಸ್ಪಂಜು ಕೊಳೆತು ಅಂಟಂಟಾಗಿ ಮರದ ಬಣ್ಣಕ್ಕೆ ಹಿಡಿಯುತ್ತೆ, ಆಗಾಗ ಬದಲಿಸ್ತಿರಬೇಕು. ವಾದ್ಯವನ್ನ ತನ್ನದಾಗಿ ಮಾಡ್ಕೊಳ್ಳೋದು ಅಂದ್ರೆ ನನ್ನ ಮಟ್ಟಿಗೆ ಇಲ್ಲಿಂದಲೇ ಶುರು.

ಇಷ್ಟಾದ ಮೇಲೂ ಬ್ರಿಡ್ಜ್ ಬೇಕೇ ಬೇಕು ಅಂದ್ರೆ ಮೊದಲು ಸ್ಕೇಲ್ ಹಿಡೀರಿ. ಅವಳದ್ದು ಫೆಂಡರ್ ಮಾದರಿ. ಸಾಮಾನ್ಯವಾಗಿ ಬಾಲದ ಕಡೆ ಒಂದೇ ಸಾಲಲ್ಲಿ ಐದು ಸ್ಕ್ರೂ, ತಂತಿಯಿಂದ ತಂತಿಗೆ 19 ಮಿಲಿಮೀಟರ್, ಈ ತುದಿಯ ತಂತಿಯಿಂದ ಆ ತುದಿಗೆ 57. ಸ್ಕ್ರೂ ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು ಬರೆದಿಟ್ಕೊಳ್ಳಿ. ಜಪಾನಿನ ಗೊಟೊ, ಅಮೆರಿಕದ ಹಿಪ್‌ಶಾಟ್, ಇವರ ಬ್ರಿಡ್ಜುಗಳಲ್ಲಿ ಈ ತೂತುಗಳಿಗೇ ಕೂರೋವು ಸಿಗುತ್ತವೆ. ಜರ್ಮನಿಯ ಷಾಲರ್ ಕಂಪನಿಯದರಲ್ಲಿ ತಂತಿ ಕೂರೋ ಗಾಲಿಯನ್ನೇ ಪಕ್ಕಕ್ಕೆ ಸರಿಸಬಹುದು. ಬೆರಳು ಸಣ್ಣಗಿರೋರಿಗೆ, ತಂತಿಗಳ ಅಂತರ ತಮಗೆ ಬೇಕಾದ ಹಾಗೆ ಇಟ್ಕೋಬೇಕು ಅನ್ನೋರಿಗೆ ಅದು ಬಹಳ ಒಳ್ಳೇದು. ಗಿಬ್ಸನ್ ಬೇಸುಗಳ ಮೂರು ಕಾಲಿನ ಬ್ರಿಡ್ಜು, ರಿಕನ್‌ಬ್ಯಾಕರ್‌ದು, ಐಬನೆಜ್‌ನ ಒಂದೊಂದು ತಂತಿಗೆ ಒಂದೊಂದು ಬಿಡಿ ಬ್ರಿಡ್ಜು, ಅವೆಲ್ಲ ಬೇರೆ ಲೋಕ, ಇದಕ್ಕೆ ಸೇರಲ್ಲ. ಇದ್ದ ತೂತಿಗೇ ಕೂರೋದನ್ನ ಆರಿಸಿ ಅನ್ನೋದು ನನ್ನ ಗಟ್ಟಿ ಸಲಹೆ. ಮರಕ್ಕೆ ಹೊಸ ತೂತು ಕೊರೆದ ಮೇಲೆ ಹಿಂದಕ್ಕೆ ಹೋಗೋ ದಾರಿ ಕಷ್ಟ.

ಬಿಚ್ಚೋದು ಸುಲಭ. ತಂತಿಗಳನ್ನ ಒಂದೇ ಸಲ ಕತ್ತರಿಸಬಾರದು, ನಾಲ್ಕನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಬ್ರಿಡ್ಜ್ ಎತ್ತಿದಾಗ ಅದರ ಕೆಳಗೆ ಒಂದು ಬೋಳು ತಂತಿ ಕಾಣುತ್ತೆ. ಅದೇ ಅರ್ಥಿಂಗ್ ವೈರು, ದಯವಿಟ್ಟು ಅದನ್ನ ಮರೆಯೋ ಹಾಗಿಲ್ಲ. ಹೊಸ ಬ್ರಿಡ್ಜಿನ ಲೋಹಕ್ಕೆ ಅದು ತಾಗದೆ ಹೋದ್ರೆ ಆಂಪ್ ಹಾಕಿದ ತಕ್ಷಣ ‘ಗುಂಯ್’ ಅಂತ ಹಿಡ್ಕೊಳ್ಳುತ್ತೆ, ತಂತಿ ಮುಟ್ಟಿದ್ರೂ ನಿಲ್ಲಲ್ಲ. ಬುಡಕ್ಕೆ ಬಣ್ಣ ಬಳಿದ ಬ್ರಿಡ್ಜಾದ್ರೆ ವೈರು ತಾಗೋ ಜಾಗದಲ್ಲಿ ಬಣ್ಣ ಕೆರೆದು ಲೋಹ ತೋರಿಸಬೇಕು. ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ರಿಡ್ಜಿಗೆ, ಇನ್ನೊಂದು ಕೇಬಲ್ ಸಿಕ್ಕಿಸೋ ಜ್ಯಾಕಿನ ಹೊರಲೋಹಕ್ಕೆ ಇಟ್ಟು ನೋಡಿ. ಬೀಪ್ ಅಂದ್ರೆ ಸರಿ. ನುಡಿಸೋಳ ಬೆರಳು ಸದಾ ಆ ಲೋಹದ ಮೇಲೇ ಇರೋದ್ರಿಂದ ಮನೆಯ ಮೂರು ಪಿನ್ ಸಾಕೆಟ್ಟಿನ ಅರ್ಥಿಂಗ್ ಕೂಡ ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ಹಳೇ ತೂತು ಸವೆದು ಸ್ಕ್ರೂ ಸುಮ್ಮನೆ ಸುತ್ತುತ್ತಿದ್ರೆ ಬಿದಿರಿನ ಕಡ್ಡಿಗೆ ಮರಗೆಲಸದ ಫೆವಿಕಾಲ್ ಹಚ್ಚಿ ತುಂಬಿ, ಒಂದು ರಾತ್ರಿ ಒಣಗೋಕೆ ಬಿಟ್ಟು, ಮಟ್ಟಕ್ಕೆ ಕತ್ತರಿಸಿ ಮತ್ತೆ ಕೊರೀಬೇಕು. ಬಿಟ್ಟಿನ ದಪ್ಪ ಸ್ಕ್ರೂವಿನ ಹಲ್ಲು ಬಿಟ್ಟು ಒಳಗಿನ ಕಂಬದಷ್ಟು. ಎಷ್ಟು ಆಳಕ್ಕೆ ಇಳೀಬೇಕೋ ಅಲ್ಲಿ ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡ್ಕೊಳ್ಳಿ. ಸ್ಕ್ರೂವಿಗೆ ಮೇಣದಬತ್ತಿ ಉಜ್ಜಿದ್ರೆ ಮರ ಸೀಳಲ್ಲ. ಕೊರೆಯೋಕೆ ಮುಂಚೆ ಎರಡು ತುದಿಯ ತಂತಿಗಳನ್ನ ಹಾಕಿ ಎಳೆದು, ನೆಕ್ಕಿನ ಎರಡೂ ಅಂಚಿನಿಂದ ಸಮ ದೂರ ಬರುತ್ತಾ ನೋಡೋದೇ ಇಡೀ ಕೆಲಸದ ಪ್ರಾಣ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದ್ರೆ ಅಂಚಿನ ತಂತಿ ಫ್ರೆಟ್ಟಿನಿಂದ ಆಚೆ ಜಾರುತ್ತೆ.

ಕೆಲವು ದಪ್ಪ ಬ್ರಿಡ್ಜುಗಳ ಬುಡವೇ ಎತ್ತರ. ಸ್ಯಾಡಲ್ ಪೂರ್ತಿ ಇಳಿಸಿದ್ರೂ ತಂತಿ ಮೇಲೇ ಉಳಿಯುತ್ತೆ, ಆಗ ನೆಕ್ಕಿನ ಬುಡದಲ್ಲಿ ತೆಳು ಚಕ್ಕೆ ಇಟ್ಟು ಓರೆ ಕೊಡಬೇಕಾಗುತ್ತೆ. ಮೊದಲ ಬ್ಯಾಡ್ಯಾಸ್‌ಗಳ ಥರ ಕಚ್ಚು ಇಲ್ಲದ ಸ್ಯಾಡಲ್ ಬಂದ್ರೆ ಸಣ್ಣ ಅರದಲ್ಲಿ ತಂತಿಯ ದಪ್ಪಕ್ಕೆ ತಕ್ಕ ಕಚ್ಚು ತೆಗೀಬೇಕು. ಇಲ್ಲೂ ನಿಮ್ಮ ಮನೆಯ ವೀಣೆಗೂ ಇದಕ್ಕೂ ದಾರಿ ಬೇರೆ. ವೀಣೆಯ ಕುದುರೆಯ ಮೇಲೆ ಅಗಲವಾದ ಲೋಹದ ಹಲಗೆ ಇರುತ್ತೆ, ತಂತಿ ಅದನ್ನ ಸವರಿಕೊಂಡು ಅದುರಿದಾಗಲೇ ಆ ನಾದ. ತಂಬೂರಿಯಲ್ಲಂತೂ ನೂಲು ಇಟ್ಟು ಅದನ್ನ ಬೇಕಂತಲೇ ಝೇಂಕರಿಸ್ತಾರೆ. ಬೇಸಿನ ಸ್ಯಾಡಲ್‌ನಲ್ಲಿ ತಂತಿ ಒಂದೇ ಒಂದು ಚೂಪು ಅಂಚಿನಿಂದ ಬಿಟ್ಟು ಹೊರಡಬೇಕು. ಕಚ್ಚು ಹಿಂದಕ್ಕೆ ಇಳಿಜಾರಾಗಿರಬೇಕು, ಮಟ್ಟವಾಗಿದ್ರೆ ಅಲ್ಲೂ ಝೇಂಕಾರ ಬರುತ್ತೆ, ಅದು ಇಲ್ಲಿ ದೋಷ.

ಹೊಂದಿಸೋ ಕ್ರಮ ಮಾತ್ರ ಹಿಂದೆಮುಂದೆ ಆಗಬಾರದು. ಮೊದಲು ನೆಕ್ಕಿನೊಳಗಿರೋ ಟ್ರಸ್ ರಾಡ್ ಅನ್ನೋ ಸರಳಿನಿಂದ ಅದರ ಬಾಗು, ಆಮೇಲೆ ಎತ್ತರ, ಕೊನೆಗೆ ಶ್ರುತಿಗಾಗಿ ಸ್ಯಾಡಲ್ ಸರಿಸೋದು. ಫೆಂಡರ್ ಹೇಳೋ ಅಳತೆಯಲ್ಲಿ ಹದಿನೇಳನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು 2.4 ಮಿಲಿಮೀಟರ್, ತೆಳುವಿನದು 2, ಅಲ್ಲಿಂದ ಅವಳ ಕೈಗೆ ತಕ್ಕ ಹಾಗೆ. ಪುಟ್ಟ ಸ್ಕ್ರೂಗೆ ಸರಿಯಾದ ಅಲೆನ್ ಕೀ ಬೇಕು. 1/16 ಇಂಚಿನ ಗುಂಡಿಗೆ 1.5 ಮಿಲಿಮೀಟರ್ ಕೀ ಹೋಗುತ್ತೆ, ಆದ್ರೆ ಜಾರಿ ಮೂಲೆಗಳನ್ನ ತಿಂದುಹಾಕುತ್ತೆ, ಆಮೇಲೆ ಆ ಸ್ಕ್ರೂ ಯಾರ ಮಾತೂ ಕೇಳಲ್ಲ. ಕರಾವಳಿ ಕಡೆ ಉಪ್ಪುಗಾಳಿಗೆ ಇವು ತುಕ್ಕು ಹಿಡಿದು ಕೂತುಬಿಡೋದೂ ಉಂಟು, ಹಾಗಾಗಿ ಅಲ್ಲಿ ನುಡಿಸೋರಿಗೆ ಸ್ಟೇನ್‌ಲೆಸ್ ಸ್ಕ್ರೂ ಒಳ್ಳೇದು. ಹದಕ್ಕೆ ಬಂದ ಮೇಲೆ ಸ್ಕ್ರೂವಿಗೆ ಒಂದು ಹನಿ ಉಗುರುಬಣ್ಣ ಹಾಕಿದ್ರೆ ಅದುರಿಗೆ ಸಡಿಲಾಗಲ್ಲ.

ಶ್ರುತಿಗೆ ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಮೀಟಿದ ಸ್ವರ, ಅಲ್ಲೇ ಒತ್ತಿ ಮೀಟಿದ ಸ್ವರ, ಎರಡನ್ನೂ ಟ್ಯೂನರಲ್ಲಿ ನೋಡಿ. ಒತ್ತಿದ್ದು ಏರಿದ್ರೆ ಸ್ಯಾಡಲ್ ಹಿಂದಕ್ಕೆ, ಇಳಿದ್ರೆ ಮುಂದಕ್ಕೆ. ಸರಿಸೋಕೆ ಮುಂಚೆ ತಂತಿ ಕೊಂಚ ಸಡಿಲಿಸಿ, ಸರಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ನೋಡಿ. ಸವೆದ ತಂತಿಯಲ್ಲಿ ಇದು ಎಷ್ಟು ಮಾಡಿದ್ರೂ ಕೂಡಿಬರಲ್ಲ. ಅದಕ್ಕೇ ರೆಕಾರ್ಡ್ ಮಾಡೋ ಪರೀಕ್ಷೆ ಮುಗಿದ ಮೇಲೆ ಈ ಕೊನೇ ಹೊಂದಾಣಿಕೆಗೆ ಹೊಸ ತಂತಿ ಹಾಕಿ.

ಎಲ್ಲಕ್ಕಿಂತ ಮೊದಲು ಇದೇ ಹೊಂದಾಣಿಕೆಯನ್ನ ಈಗಿರೋ ತಗಡಿನ ಬ್ರಿಡ್ಜಿನ ಮೇಲೇ ಒಂದು ಸಲ ಪೂರ್ತಿ ಮಾಡಿ ನೋಡೋಣ. ಅವಳ ದೂರು ಅಲ್ಲೇ ಬಗೆಹರಿದ್ರೂ ಹರೀಬಹುದು. ಶನಿವಾರ ಮಧ್ಯಾಹ್ನ ಬೇಸ್ ತಗೊಂಡು ಬರೋಕೆ ಹೇಳಿ, ಅಲೆನ್ ಕೀ, ಸ್ಕೇಲು, ಮಲ್ಟಿಮೀಟರ್ ನನ್ನ ಹತ್ತಿರ ಇದೆ. ಹೊಸದು ತರಿಸಲೇಬೇಕು ಅಂತ ಆದ್ರೆ ಹಳೇ ಬ್ರಿಡ್ಜನ್ನ ಅದರ ಸ್ಕ್ರೂಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು ಎತ್ತಿಡಿ. ಮುಂದೆ ಯಾವತ್ತಾದ್ರೂ ಬೇಸ್ ಮಾರೋ ಮಾತು ಬಂದ್ರೆ ಕೊಳ್ಳೋರು ಮೊದಲು ಕೇಳೋದೇ ಅದನ್ನ.